ಕೈಯಲ್ಲಿ ಕೆಲಸ, ಬಾಯಲ್ಲಿ ಜಿಕ್ರ್



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಈ ನಾಲ್ಕು ಊರುಗಳ ಕಡೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. ‘ನಮಾಜ ಹೆಂಗೋ ಆಗ್ತದ್ರಿ. ಆದ್ರ ಕುಂತು ಜಿಕ್ರ್ ಮಾಡಾಕ, ಸಮಾಧಾನದಿಂದ ದುವಾ ಬೇಡಾಕ ಹೊತ್ತ ಸಿಗೂದಿಲ್ಲ.’ ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು ಇದನ್ನೇ ಹೇಳುತ್ತಾರೆ. ಗದ್ದೆಯಲ್ಲಿ ಸಸಿ ಹಚ್ಚಿ ಬಂದ ಹೆಣ್ಣುಮಕ್ಕಳೂ ಇದನ್ನೇ ಹೇಳುತ್ತಾರೆ. ಪ್ರವಾಸಿಗರ ಜೀಪು ಓಡಿಸುವ ಹುಡುಗರದ್ದೂ ಇದೇ ರಾಗ.

ಇವತ್ತಿನ ಮಾತು ಇವರಿಗಾಗಿ. ದಿನವೂ ಒಂದಿಷ್ಟು ದುವಾ, ಒಂದಿಷ್ಟು ಜಿಕ್ರ್ ಮಾಡಬೇಕು ಎಂಬ ಆಸೆ ಇದೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲ. ಅಂಥವರಿಗಾಗಿ. ಮುಸ್ಲಿಮರಲ್ಲದ ಕೇಳುಗರೂ ಇದ್ದೀರಿ. ನಿಮ್ಮ ನೆರೆಮನೆಯವರ ತುಟಿ ಯಾಕೆ ಸುಮ್ಮನೆ ಅಲ್ಲಾಡುತ್ತಿರುತ್ತದೆ ಎಂದು ನಿಮಗೂ ಇವತ್ತು ತಿಳಿದೀತು.

ಮೊದಲು ಇಷ್ಟು ಗೊತ್ತಿರಲಿ. ದುವಾ ಎಂದರೆ ಅಲ್ಲಾಹನಲ್ಲಿ ಬೇಡುವುದು. ಜಿಕ್ರ್ ಎಂದರೆ ಅವನನ್ನು ನೆನೆಯುವುದು. ಐದು ಹೊತ್ತಿನ ನಮಾಜಿಗೆ ಸಮಯವಿದೆ, ದಿಕ್ಕಿದೆ, ವುಜು ಅಂದರೆ ಕೈಕಾಲು ಮುಖ ತೊಳೆಯುವ ಶುದ್ಧಿ ಬೇಕು. ದುವಾ ಮತ್ತು ಜಿಕ್ರಿಗೆ ಈ ಕಟ್ಟುಪಾಡು ಇಲ್ಲ. ವುಜು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಆಗುತ್ತದೆ. ಹೆಣ್ಣುಮಕ್ಕಳಿಗೆ ತಿಂಗಳಲ್ಲಿ ಕೆಲವು ದಿನ ನಮಾಜಿನಿಂದ ವಿನಾಯಿತಿ ಇರುತ್ತದಲ್ಲ, ಆ ದಿನಗಳಲ್ಲೂ ದುವಾ, ಜಿಕ್ರ್ ನಿಲ್ಲಬೇಕಾಗಿಲ್ಲ. ಕುರಾನಿನ ಮೂರನೆಯ ಅಧ್ಯಾಯದಲ್ಲಿ ವಿವೇಕಿಗಳ ಪ್ರಸ್ತಾಪ ಬರುತ್ತದೆ. ಅವರು ನಿಂತಾಗ, ಕೂತಾಗ, ಮಗ್ಗುಲಾಗಿ ಮಲಗಿದಾಗ ಅಲ್ಲಾಹನನ್ನು ನೆನೆಯುವವರು ಎಂದಿದೆ. ಮನುಷ್ಯ ಇರುವುದೇ ಈ ಮೂರು ಸ್ಥಿತಿಯಲ್ಲಿ. ಕೂತೇ ಮಾಡಬೇಕು, ಅದಕ್ಕಾಗಿ ಬೇರೆ ಹೊತ್ತು ಬೇಕು ಎಂದು ಯಾರು ಹೇಳಿದರೋ ನನಗಂತೂ ಗೊತ್ತಿಲ್ಲ.

ಹೊತ್ತಿಲ್ಲದವರ ಕಥೆ ಇವತ್ತಿನದಲ್ಲ. ಪೈಗಂಬರರ ಮನೆಯಲ್ಲೇ ಅದು ನಡೆದಿದೆ.

ಪೈಗಂಬರರ ಮಗಳು ಫಾತಿಮಾ. ಅಲಿಯವರ ಹೆಂಡತಿ. ಮನೆಯಲ್ಲಿ ಕೈಗೆ ಆಳಿಲ್ಲ, ಕಾಲಿಗೆ ಆಳಿಲ್ಲ. ಬೀಸುಕಲ್ಲು ತಿರುಗಿಸಿ ತಿರುಗಿಸಿ ಅಂಗೈ ಬೊಬ್ಬೆ ಬಂದಿತ್ತು. ಆಗ ತಂದೆಯ ಬಳಿ ಕೆಲವು ಸೆರೆಯಾಳುಗಳು ಬಂದಿದ್ದಾರೆಂಬ ಸುದ್ದಿ ತಿಳಿಯಿತು. ಮನೆಗೆಲಸಕ್ಕೆ ಒಬ್ಬರನ್ನು ಕೇಳೋಣವೆಂದು ಹೋದರು. ತಂದೆ ಮನೆಯಲ್ಲಿರಲಿಲ್ಲ. ಪೈಗಂಬರರ ಪತ್ನಿ ಆಯಿಶಾ ಅವರ ಹತ್ತಿರ ಹೇಳಿ ಬಂದರು. ರಾತ್ರಿ ಗಂಡಹೆಂಡತಿ ಮಲಗಿದ ಮೇಲೆ ಪೈಗಂಬರರು ತಾವೇ ಬಂದರು. ಇವರು ಏಳಲು ಹೋದರು. ಏಳಬೇಡಿ ಎಂದರು. ಇಬ್ಬರ ನಡುವೆ ಕೂತರು. ಅವರ ಪಾದದ ತಂಪು ತಮ್ಮ ಎದೆಗೆ ತಾಗಿತು ಎಂದು ಅಲಿ ಮುಂದೆ ನೆನಪಿಸಿಕೊಂಡಿದ್ದಾರೆ. ನೀವು ಕೇಳಿದ್ದಕ್ಕಿಂತ ಒಳ್ಳೆಯದನ್ನು ಹೇಳಿಕೊಡುತ್ತೇನೆ ಎಂದು ಪೈಗಂಬರರು ಹೇಳಿಕೊಟ್ಟದ್ದು ಇಷ್ಟೇ. ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್. 33 ಸಲ ಅಲ್‌ಹಮ್ದುಲಿಲ್ಲಾಹ್. 34 ಸಲ ಅಲ್ಲಾಹು ಅಕ್ಬರ್. ಮೊದಲನೆಯದು, ಅಲ್ಲಾಹ್ ಎಲ್ಲ ಕೊರತೆಯಿಂದ ದೂರ ಎನ್ನುವುದು. ಎರಡನೆಯದು, ಹೊಗಳಿಕೆಯೆಲ್ಲ ಅವನಿಗೆ ಎನ್ನುವುದು. ಮೂರನೆಯದು, ಅವನೇ ದೊಡ್ಡವನು ಎನ್ನುವುದು. ಒಟ್ಟು 100. ಎರಡು ಮೂರು ನಿಮಿಷದ ಮಾತು. ನಮ್ಮ ಕಡೆ ಇದನ್ನು ತಸ್ಬೀಹೆ ಫಾತಿಮಾ ಎನ್ನುತ್ತಾರೆ.

ಗಮನಿಸಿ. ಮೊದಲು ದುಡಿತ ಬಿಟ್ಟು ಬಾ, ಆಮೇಲೆ ಜಿಕ್ರ್ ಎಂದು ಅವರು ಮಗಳಿಗೆ ಹೇಳಲಿಲ್ಲ. ಬೀಸುಕಲ್ಲು ಬೆಳಗ್ಗೆ ಮತ್ತೆ ತಿರುಗಲೇಬೇಕಿತ್ತು.

ಮದೀನಾದ ಬೀಸುಕಲ್ಲಿನಿಂದ ನಮ್ಮ ವಿಜಯಪುರದ ಬೀಸುಕಲ್ಲಿಗೆ ಬರೋಣ. ಆದಿಲ್‌ಶಾಹಿ ಕಾಲ. ಕೋಟೆಯ ಹೊರಗೆ ಶಾಹಪುರ ದಿಬ್ಬ. ಅಲ್ಲಿ ಚಿಶ್ತಿ ಪರಂಪರೆಯ ಸೂಫಿಗಳು ನೆಲೆಸಿದ್ದರು. ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ. ಈ ಪರಂಪರೆಯ ಕವಿಗಳು 17ನೆಯ ಶತಮಾನದ ಹೊತ್ತಿಗೆ ದಖನಿ ಭಾಷೆಯಲ್ಲಿ ಹೆಂಗಸರಿಗಾಗಿ ಹಾಡು ಕಟ್ಟಿದರು. ಬೀಸುವಾಗ ಹಾಡುವುದಕ್ಕೆ ಚಕ್ಕಿನಾಮಾ. ನೂಲುವಾಗ ಹಾಡುವುದಕ್ಕೆ ಚರಖಾನಾಮಾ. ಬೀಸುಕಲ್ಲಿನ ಹಿಡಿ ನೆಟ್ಟಗೆ ನಿಂತಿರುತ್ತದಲ್ಲ, ಅದು ಅಲಿಫ್ ಅಕ್ಷರದ ಹಾಗೆ, ಅದು ಅಲ್ಲಾಹನ ಗುರುತು. ನಡುವಿನ ಗೂಟ ಪೈಗಂಬರರ ಗುರುತು. ಹೀಗೆ ಸಾಗುತ್ತದೆ ಹಾಡು. ಕಲ್ಲು ಒಂದು ಸುತ್ತು ತಿರುಗಿದರೆ ಒಂದು ನಾಮಸ್ಮರಣೆ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ವಿಜಯಪುರದ ಸೂಫಿಗಳ ಬಗ್ಗೆ 1978ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಧರ್ಮದ ತಿಳಿವಳಿಕೆ ದಖನ್ನಿನ ಹಳ್ಳಿಮನೆಗಳಿಗೆ ಹೋದದ್ದು ದೊಡ್ಡ ಗ್ರಂಥಗಳಿಂದಲ್ಲ, ಹೆಂಗಸರ ಬಾಯಲ್ಲಿದ್ದ ಇಂಥ ಹಾಡುಗಳಿಂದ ಎಂಬುದು ಅವರ ವಾದ. ನಮ್ಮ ಬೀಸುವ ಪದಗಳನ್ನು ಬಲ್ಲವರಿಗೆ ಇದು ಹೊಸ ಮಾತೇನಲ್ಲ. ಬೆಳಗಿನ ಜಾವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳು ದೇವರನ್ನು, ತವರನ್ನು ಒಟ್ಟಿಗೇ ನೆನೆದದ್ದು ಈ ನಾಡಿನ ಎಲ್ಲ ಜಾತಿಮತದ ಮನೆಗಳಲ್ಲೂ ಇತ್ತು.

ಈಗ ಹಿಟ್ಟಿನ ಗಿರಣಿ ಬಂದಿದೆ, ಮಿಕ್ಸರು ಬಂದಿದೆ. ಕೈಗೆಲಸ ಮಾತ್ರ ಮುಗಿದಿಲ್ಲ. ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿ ಹೊಲಿಯುವುದನ್ನು ನೀವು ನೋಡಿರಬಹುದು. ನೋಡದವರಿಗಾಗಿ ಹೇಳುತ್ತೇನೆ. ಹಳೆಯ ಸೀರೆಯೊಂದನ್ನು ನೆಲಕ್ಕೆ ಹಾಸುತ್ತಾರೆ. ಅದರ ಮೇಲೆ ಹರಿದ ಅಂಗಿ, ಲಂಗ, ಲುಂಗಿಯ ತುಂಡುಗಳು. ಒಂದು ಮೂಲೆಯಿಂದ ಹೊಲಿಗೆ ಶುರು. ಅಂಚಿನ ಗುಂಟ ನೆಟ್ಟನೆಯ ಓಡುಹೊಲಿಗೆ. ಸುತ್ತು ಬಂದು, ಮತ್ತೆ ಒಳಸುತ್ತು, ಮತ್ತೂ ಒಳಸುತ್ತು. ಹೀಗೆ ನಡುವಿಗೆ ಬಂದಾಗ ಕೌದಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಮುಕ್ಕೋನದ ಹೂವು. ಅದಕ್ಕೆ ಫುಲ ಎನ್ನುತ್ತಾರೆ. ಫುಲ ಇಲ್ಲದ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಮುಸ್ಲಿಂ ಸಿದ್ದಿಗಳ ಕೌದಿಯಲ್ಲಿ ಕೆಲವೊಮ್ಮೆ ಅರ್ಧಚಂದ್ರ, ಕ್ರೈಸ್ತ ಸಿದ್ದಿಗಳದ್ದರಲ್ಲಿ ಶಿಲುಬೆ.

ಇಂಥ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು. ನಾಲಿಗೆ ಖಾಲಿಯೇ ಇರುತ್ತದೆ. ಒಂದು ಸಾಲು ಹೊಲಿಗೆಗೆ ಒಂದಷ್ಟು ಸುಬ್‌ಹಾನಲ್ಲಾಹ್ ಎಂದರೆ ಯಾರ ಕೆಲಸ ಕೆಟ್ಟೀತು? ಹೊಲಿಯದವರು ತಮ್ಮದೊಂದು ಕೆಲಸ ಹಿಡಿದುಕೊಳ್ಳಲಿ. ರೊಟ್ಟಿ ಬಡಿಯುವುದು. ದನ ಮೇಯಿಸುವುದು. ಪಾಳಿಗೆ ಸೈಕಲ್ಲಿನಲ್ಲಿ ಹೋಗುವ ಹಾದಿ. ಬಸ್ಸಿಗೆ ಕಾಯುವ ಹೊತ್ತು. ಜೋಯಿಡಾದ ಕಡೆ ಬಸ್ಸಿಗೆ ಕಾಯುವ ಹೊತ್ತು ಎಂದರೆ ಅದೇನು ಸಣ್ಣ ಹೊತ್ತಲ್ಲ.

ಇಲ್ಲಿವರೆಗೆ ಹೇಳಿದ್ದನ್ನು ಒಮ್ಮೆ ಜೋಡಿಸಿಕೊಳ್ಳೋಣ. ಜಿಕ್ರಿಗೆ ಬೇರೆ ಹೊತ್ತು ಹುಡುಕಬೇಡಿ. ದಿನವೂ ತಪ್ಪದ ಒಂದು ಕೆಲಸಕ್ಕೆ ಅದನ್ನು ಕಟ್ಟಿಹಾಕಿ. ಇನ್ನು ಎಣಿಕೆಯ ವಿಷಯಕ್ಕೆ ಬರೋಣ.

ಎಣಿಸುವುದು ಹೇಗೆ? ತಸಬಿ ಎಂಬ ಜಪಮಾಲೆ ಬೇಕೇ? ಇದ್ದರೆ ಸರಿ. ಸಾಮಾನ್ಯವಾಗಿ ತಸಬಿಯಲ್ಲಿ 33 ಮಣಿ ಇಲ್ಲವೆ 99 ಮಣಿ. ಮುಂಡಗೋಡದ ಪೇಟೆಯಲ್ಲಿ ಒಂದು ಚೆಂದವಿದೆ. 1966ರಿಂದ ಅಲ್ಲಿ ಟಿಬೆಟನ್ನರ ಕ್ಯಾಂಪುಗಳಿವೆ. ಅವರ ಹಿರಿಯರ ಕೈಯಲ್ಲಿ 108 ಮಣಿಯ ಮಾಲೆ. ಗಲ್ಲೆಯ ಮೇಲೆ ಕೂತ ಮುಸಲ್ಮಾನ ಹಿರಿಯರ ಕೈಯಲ್ಲಿ ತಸಬಿ. ಇಬ್ಬರ ನಂಬಿಕೆ ಬೇರೆ, ಮಂತ್ರ ಬೇರೆ. ವ್ಯಾಪಾರ ನಡೆಯುವಾಗ ಇಬ್ಬರ ಹೆಬ್ಬೆರಳೂ ಮಣಿ ಸರಿಸುತ್ತಲೇ ಇರುತ್ತದೆ. ಇಬ್ಬರೂ ಚೌಕಾಶಿಯಲ್ಲಿ ಹಿಂದೆ ಬೀಳುವವರಲ್ಲ, ಅದೂ ನಿಜ.

ತಸಬಿ ಇಲ್ಲದವರಿಗೆ ಬೆರಳಿದೆ. ಪೈಗಂಬರರು ಬೆರಳಿನಲ್ಲಿ ಎಣಿಸುತ್ತಿದ್ದರು. ಹೆಂಗಸರಿಗೂ ಬೆರಳಿನಲ್ಲೇ ಎಣಿಸಿ ಎಂದಿದ್ದರು. ಕಡೆಯ ದಿನ ಆ ಬೆರಳುಗಳನ್ನೇ ಮಾತಾಡಿಸಲಾಗುತ್ತದೆ, ಅವೇ ಸಾಕ್ಷಿ ಹೇಳುತ್ತವೆ ಎಂಬ ಮಾತು ಹದೀಸಿನಲ್ಲಿ, ಅಂದರೆ ಪೈಗಂಬರರ ನುಡಿಗಳ ದಾಖಲೆಯಲ್ಲಿ, ಇದೆ. ಬಲಗೈ ತೆಗೆದುಕೊಳ್ಳಿ. ಬೆರಳಿಗೆ ಮೂರು ಗೆರೆಯಂತೆ ಐದು ಬೆರಳಿಗೆ 15. ಎರಡು ಸುತ್ತು ಬಂದರೆ 30. ಮೇಲೆ ಕಿರುಬೆರಳಿನದು 3. ಮೂವತ್ಮೂರು ಆಯಿತು. ಕೈ ಮನೆಯಲ್ಲಿ ಮರೆತು ಬರುವ ಭಯವಿಲ್ಲ.

ಆದರೆ ಎಣಿಕೆಗೊಂದು ಅಪಾಯವಿದೆ. ಮೊಬೈಲಿನಲ್ಲಿ ಸುದ್ದಿ ಬರುತ್ತದೆ. ಇಂಥದ್ದನ್ನು ಇಷ್ಟು ಸಾವಿರ ಸಲ ಓದಿ, ಸಾಲ ತೀರುತ್ತದೆ. ಇಷ್ಟು ಜನರಿಗೆ ಕಳಿಸಿ, ನಾಳೆಯೊಳಗೆ ಒಳ್ಳೆಯ ಸುದ್ದಿ. ಕಳಿಸದಿದ್ದರೆ ಕೇಡು. ಇದಕ್ಕೆ ಆಧಾರವಿಲ್ಲ. ಇದು ಜಿಕ್ರನ್ನು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಮಾಡಿದ ಹಾಗೆ. ಹೊಸದಾಗಿ ಶುರು ಮಾಡುವವರನ್ನು ಹೆದರಿಸಿ ಓಡಿಸುವುದೂ ಇದೇ ಎಂದು ನನ್ನ ಅಭಿಪ್ರಾಯ.

ಪೈಗಂಬರರ ಪತ್ನಿ ಜುವೈರಿಯಾ ಅವರದೊಂದು ಪ್ರಸಂಗ ಇಲ್ಲಿ ಹೇಳಬೇಕು. ಬೆಳಗಿನ ನಮಾಜಿನ ಹೊತ್ತಿಗೆ ಪೈಗಂಬರರು ಹೊರಟಾಗ ಅವರು ಕೂತು ಜಿಕ್ರ್ ಮಾಡುತ್ತಿದ್ದರು. ಬಿಸಿಲೇರಿದ ಮೇಲೆ ಪೈಗಂಬರರು ತಿರುಗಿ ಬಂದರು. ಇವರು ಅದೇ ಜಾಗದಲ್ಲಿ ಅದೇ ಜಿಕ್ರಿನಲ್ಲಿ. ನಿನ್ನ ಬಳಿಯಿಂದ ಹೋದ ಮೇಲೆ ನಾನು ನಾಲ್ಕು ಮಾತು ಮೂರು ಸಲ ಹೇಳಿದೆ, ತೂಗಿ ನೋಡಿದರೆ ನೀನು ಬೆಳಗಿನಿಂದ ಹೇಳಿದ್ದಕ್ಕಿಂತ ಅದೇ ಭಾರವಾದೀತು ಎಂದರು. ಆ ಮಾತುಗಳಲ್ಲಿದ್ದದ್ದು ಅಲ್ಲಾಹನ ಸೃಷ್ಟಿಯಷ್ಟು, ಅವನ ಮೆಚ್ಚುಗೆಯಷ್ಟು, ಅವನ ಸಿಂಹಾಸನದ ತೂಕದಷ್ಟು ಸ್ತುತಿ ಎಂಬ ಅರ್ಥ. ಸಂಖ್ಯೆ ಸಣ್ಣದು, ಮನಸ್ಸಿನ ಹರವು ದೊಡ್ಡದು. ಆಯಿಶಾ ಅವರು ಹೇಳಿದ ಇನ್ನೊಂದು ಹದೀಸ್ ಅಂತೂ ಬಹಳ ಮಂದಿಗೆ ಗೊತ್ತು. ಅಲ್ಲಾಹನಿಗೆ ಬಹಳ ಇಷ್ಟವಾದ ಕೆಲಸ ಎಂದರೆ ಸಣ್ಣದಾದರೂ ಬಿಡದೆ ನಡೆಸಿಕೊಂಡು ಬಂದದ್ದು.

ಹೊತ್ತಿನ ಮಾತಾಯಿತು, ಎಣಿಕೆಯ ಮಾತಾಯಿತು. ಈಗ ಬೇಡುವ ಮಾತು. ದುವಾ ಯಾವ ಭಾಷೆಯಲ್ಲಿ?

ಈ ಭಾಗದ ಮನೆಗಳಲ್ಲಿ ಒಂದೇ ಭಾಷೆ ಎಲ್ಲಿದೆ? ಹಳಿಯಾಳದಲ್ಲಿ ಕನ್ನಡದ ಜೊತೆಗೆ ಮರಾಠಿ. ಜೋಯಿಡಾದಲ್ಲಿ ಕೊಂಕಣಿ. ಸಿದ್ದಿಗಳ ಮನೆಮಾತಿನಲ್ಲಿ ಕೊಂಕಣಿ, ಮರಾಠಿ, ಕನ್ನಡ ಎಲ್ಲ ಕಲೆತಿವೆ. ದಾಂಡೇಲಿಗೆ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಅದರ ಹಿಂದೆ ಎಲ್ಲೆಲ್ಲಿಯವರೋ ಬಂದರು, ಅವರ ಭಾಷೆಗಳೂ ಬಂದವು. ಮಸೂತಿಯಲ್ಲಿ ಕೇಳುವುದು ಉರ್ದು, ಅರಬ್ಬಿ. ಹೀಗಾಗಿ ಎಷ್ಟೋ ಜನ ಕೈಯೆತ್ತಿ ಕೂರುತ್ತಾರೆ. ಅರಬ್ಬಿ ದುವಾ ನೆನಪಾಗುವುದಿಲ್ಲ. ನಮಾಜು ಮಾಡಿಸುವ ಹಜರತರು ಬೇಡಿದ್ದಕ್ಕೆ ಆಮೀನ್ ಎಂದು ಎದ್ದುಬಿಡುತ್ತಾರೆ.

ನಮಾಜಿನ ಒಳಗೆ ಓದುವುದು ಅರಬ್ಬಿಯಲ್ಲಿ. ಅದಕ್ಕೆ ಎರಡು ಮಾತಿಲ್ಲ. ನಮಾಜಿನ ಹೊರಗೆ ನಿಮ್ಮ ದುವಾ ನಿಮ್ಮ ಭಾಷೆಯಲ್ಲಿರಬಹುದು. ಒಬ್ಬ ಸಾಮಾನ್ಯ ಮನುಷ್ಯ ಪೈಗಂಬರರ ಬಳಿ ಹೇಳಿದ. ನಾನು ಸ್ವರ್ಗ ಕೊಡು, ನರಕದಿಂದ ಕಾಪಾಡು ಎಂದಷ್ಟೇ ಬೇಡುತ್ತೇನೆ. ನೀವು ಮತ್ತು ಮುಆಜ್ ಗುನುಗುವುದೆಲ್ಲ ನನಗೆ ಬರುವುದಿಲ್ಲ. ಮುಆಜ್ ಎಂದರೆ ದೊಡ್ಡ ವಿದ್ವಾಂಸರಾಗಿದ್ದ ಸಂಗಾತಿ. ಪೈಗಂಬರರು ಹೇಳಿದರು, ನಾವು ಗುನುಗುವುದೂ ಅದರ ಸುತ್ತಲೇ.

ಇನ್ನೊಂದು ಉದಾಹರಣೆ ಪ್ರವಾದಿ ಮೂಸಾ ಅವರದು. ಕುರಾನಿನ 28ನೆಯ ಅಧ್ಯಾಯದಲ್ಲಿದೆ. ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್ಯನ್ ಊರಿಗೆ ಬಂದಿದ್ದಾರೆ. ಗುರುತಿನವರಿಲ್ಲ, ಕೆಲಸವಿಲ್ಲ. ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಸೇದಿ ಕುಡಿಸಿದರು. ಹೋಗಿ ನೆರಳಿನಲ್ಲಿ ಕೂತರು. ಆಗ ಅವರು ಬೇಡಿದ್ದು ಒಂದೇ ವಾಕ್ಯ. ನೀನು ಯಾವ ಒಳ್ಳೆಯದನ್ನು ಇಳಿಸಿದರೂ ನನಗದು ಬೇಕಾಗಿದೆ ಎಂಬ ಅರ್ಥದ್ದು. ಅನ್ನ ಕೊಡು ಎಂದೂ ಪಟ್ಟಿ ಮಾಡಲಿಲ್ಲ, ಮನೆ ಕೊಡು ಎಂದೂ ಪಟ್ಟಿ ಮಾಡಲಿಲ್ಲ. ಅದೇ ಊರಿನಲ್ಲಿ ಅವರಿಗೆ ಆಸರೆ ಸಿಕ್ಕಿತು, ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋಗುವ ಜೋಯಿಡಾದ ಹುಡುಗನಿಗೆ ಇದಕ್ಕಿಂತ ಹತ್ತಿರದ ದುವಾ ಯಾವುದಿದೆ?

ಬೇಡುವುದಕ್ಕೊಂದು ಕ್ರಮ ಬೇಕೆನ್ನುವವರಿಗೆ ಹಿರಿಯರು ಹೇಳುವುದು ಹೀಗೆ. ಮೊದಲು ಅಲ್ಲಾಹನನ್ನು ಹೊಗಳಿ. ಆಮೇಲೆ ಪೈಗಂಬರರ ಮೇಲೆ ದುರೂದ್ ಹೇಳಿ, ಅಂದರೆ ಅವರಿಗೆ ಶುಭ ಕೋರಿ. ಆಮೇಲೆ ನಿಮ್ಮ ಕಷ್ಟಸುಖ. ನಿಮ್ಮದಷ್ಟೇ ಅಲ್ಲ, ಎದುರಿಗಿಲ್ಲದವರದ್ದೂ. ದೂರದಲ್ಲಿರುವ ಸೋದರನಿಗಾಗಿ ಅವನಿಗೆ ತಿಳಿಯದಂತೆ ಬೇಡಿದರೆ, ನಿನಗೂ ಅದೇ ಸಿಗಲಿ ಎಂದು ದೇವದೂತ ಹಾರೈಸುತ್ತಾನೆ ಎಂದು ಹದೀಸಿನಲ್ಲಿದೆ. ಬಾಂಗು ಕೇಳಿದ ಮೇಲೆ ಜಮಾತ್ ನಿಲ್ಲುವವರೆಗಿನ ಬಿಡುವು ದುವಾಕ್ಕೆ ಒಳ್ಳೆಯ ಹೊತ್ತು. ಆ ಹೊತ್ತಿನಲ್ಲಿ ನಾವು ಮಸೂತಿಯ ಕಟ್ಟೆಯ ಮೇಲೆ ಏನು ಮಾತಾಡುತ್ತೇವೆಂದು ನಾನು ಹೇಳಬೇಕಾಗಿಲ್ಲ.

ಭಾಷೆಯ ಅಂಜಿಕೆ ಬೇಡ ಎಂದಾಯಿತು. ಈಗ ಈ ನೆಲಕ್ಕೇ ಹೊಂದುವ ಒಂದು ದುವಾ ಹೇಳುತ್ತೇನೆ. ಮಳೆಯದು.

ಒಂದೇ ಜಿಲ್ಲೆ, ಮಳೆ ಮಾತ್ರ ಬೇರೆ ಬೇರೆ. ಜೋಯಿಡಾ, ಕ್ಯಾಸಲ್‌ರಾಕ್ ಕಡೆ ಆಷಾಢದಲ್ಲಿ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಹಳ್ಳ ಏರಿದರೆ ಊರು ನಡುಗಡ್ಡೆ. ಅದೇ ಹೊತ್ತಿಗೆ ಹಳಿಯಾಳದ, ಮುಂಡಗೋಡದ ಪೂರ್ವದ ಅಂಚಿನಲ್ಲಿ ರೈತ ಮುಗಿಲು ನೋಡುತ್ತಿರುತ್ತಾನೆ. ಒಬ್ಬನಿಗೆ ಸಾಕು, ಒಬ್ಬನಿಗೆ ಬೇಕು. ಒಂದೇ ಶುಕ್ರವಾರ ಇಬ್ಬರೂ ಕೈಯೆತ್ತಿದರೆ ಏನು ಬೇಡಬೇಕು?

ಮದೀನಾದಲ್ಲಿ ಎರಡೂ ನಡೆದಿದೆ. ಶುಕ್ರವಾರದ ಖುತ್ಬಾ, ಅಂದರೆ ಪ್ರವಚನ ನಡೆದಿತ್ತು. ಒಬ್ಬ ಒಳಗೆ ಬಂದು ನಿಂತ. ದನಕರು ಸಾಯುತ್ತಿವೆ, ದಾರಿ ಕಡಿದಿದೆ, ಮಳೆಗಾಗಿ ಬೇಡಿ ಎಂದ. ಪೈಗಂಬರರು ಅಲ್ಲೇ ಕೈಯೆತ್ತಿದರು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಸಲಾ ಗುಡ್ಡದ ಹಿಂದಿನಿಂದ ಗುರಾಣಿಯಷ್ಟು ಮೋಡ ಎದ್ದಿತು, ನೆತ್ತಿಗೆ ಬಂದು ಹರಡಿತು. ವಾರವಿಡೀ ಸೂರ್ಯನನ್ನು ನೋಡಲಿಲ್ಲ ಎಂದು ಪೈಗಂಬರರ ಸಂಗಾತಿ ಅನಸ್ ಹೇಳುತ್ತಾರೆ. ಮುಂದಿನ ಶುಕ್ರವಾರ ಅದೇ ಬಾಗಿಲಿನಿಂದ ಒಬ್ಬ ಬಂದ. ಆಸ್ತಿ ಹಾಳಾಯಿತು, ದಾರಿ ಕಡಿಯಿತು, ಮಳೆ ನಿಲ್ಲಲಿ ಎಂದು ಬೇಡಿ ಎಂದ. ಪೈಗಂಬರರು ಮಳೆ ನಿಲ್ಲಲಿ ಎಂದು ಬೇಡಲಿಲ್ಲ. ನಮ್ಮ ಮೇಲೆ ಬೇಡ, ನಮ್ಮ ಸುತ್ತಮುತ್ತ ಬೀಳಲಿ ಎಂದರು. ಗುಡ್ಡದ ಮೇಲೆ, ದಿಬ್ಬದ ಮೇಲೆ, ಕಣಿವೆಯಲ್ಲಿ, ಮರ ಬೆಳೆಯುವ ಜಾಗದಲ್ಲಿ ಬೀಳಲಿ ಎಂದರು. ಜನ ಬಿಸಿಲಲ್ಲಿ ಮನೆಗೆ ನಡೆದರು.

ಕಾಡಿನ ನಡುವೆ ಬದುಕುವವರಿಗೆ ಈ ದುವಾದ ಹದ ಬೇಗ ತಿಳಿಯುತ್ತದೆ. ಗುಡ್ಡಕ್ಕೆ ಬಿದ್ದ ಮಳೆಯೇ ಕಾಳಿ ನದಿ. ಸೂಪಾ ಅಣೆಕಟ್ಟಿನ ನೀರೂ ಅದೇ. ಇನ್ನು ಸಾಧಾರಣ ಮಳೆ ಬಂದಾಗ ಪೈಗಂಬರರು ಹೇಳುತ್ತಿದ್ದ ಚಿಕ್ಕ ದುವಾ ಇದೆ. ಉಪಕಾರದ ಮಳೆಯಾಗಲಿ ಎಂದು ಅದರ ಅರ್ಥ. ಎರಡೇ ಸೆಕೆಂಡು ಸಾಕು. ಹಂಚಿನ ಮೇಲೆ ಮೊದಲ ಹನಿಯ ಸದ್ದಾದಾಗ ಮನೆಯ ಮಕ್ಕಳಿಂದ ಹೇಳಿಸಿ. ಉಣ್ಣುವ ಮುಂಚೆ ಬಿಸ್ಮಿಲ್ಲಾ, ಗಾಡಿ ಹತ್ತುವಾಗ ಒಂದು ದುವಾ, ಮನೆಯ ಹೊಸ್ತಿಲು ದಾಟುವಾಗ ಸಲಾಂ. ಇವೆಲ್ಲ ಇದೇ ಜಾತಿಯವು.

ಇಷ್ಟು ಕೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಬೇಡಿದ್ದು ಸಿಗದಿದ್ದರೆ? ಬೇಡಿದೆ, ಸಿಗಲಿಲ್ಲ ಎಂದು ಅವಸರಪಟ್ಟು ಕೈಬಿಡಬೇಡಿ ಎಂದು ಪೈಗಂಬರರು ಎಚ್ಚರಿಸಿದ್ದಾರೆ. ಕೆಲವು ಈಗಲೇ ಸಿಗುತ್ತವೆ. ಕೆಲವನ್ನು ಪರಲೋಕಕ್ಕೆಂದು ಇಡಲಾಗುತ್ತದೆ. ಕೆಲವಕ್ಕೆ ಬದಲಾಗಿ ಬರಬೇಕಾಗಿದ್ದ ಕೇಡೊಂದು ತಪ್ಪುತ್ತದೆ. ನಂಬಿದವರಿಗೆ ಇದು ಸಾಕು. ಹಾಗೆಂದು ಆಸ್ಪತ್ರೆಗೆ ಹೋಗಬೇಕಾದ ಕಡೆ ಬರೀ ದುವಾ ಮಾಡಿ ಕೂತರೆ ಅದು ಧರ್ಮ ಹೇಳಿದ್ದಲ್ಲ. ಔಷಧ ಮಾಡಿ ಎಂದು ಪೈಗಂಬರರೇ ಹೇಳಿದ್ದಾರೆ.

ಕೊನೆಯದಾಗಿ, ತಪ್ಪಿಹೋಗುವ ದಿನಗಳ ಮಾತು. ರಂಜಾನಿನಲ್ಲಿ ಎಲ್ಲರ ಕೈಯಲ್ಲೂ ತಸಬಿ. ಈದ್ ಕಳೆದು ವಾರವಾದರೆ ಅದು ಗೂಟಕ್ಕೆ ತೂಗುಬೀಳುತ್ತದೆ. ಕಾರಣ, ರಂಜಾನಿನಲ್ಲಿ ಹೊತ್ತದ್ದು ದೊಡ್ಡ ಹೊರೆ, ಮುಂದಿನ ತಿಂಗಳು ಶವ್ವಾಲಿನಲ್ಲಿ ಅದನ್ನು ಎತ್ತಲಾಗುವುದಿಲ್ಲ. ಅಲಿಯವರು ಫಾತಿಮಾ ಜೊತೆ ಕಲಿತ ಆ 100ನ್ನು ಮುಂದೆ ಒಂದು ರಾತ್ರಿಯೂ ಬಿಡಲಿಲ್ಲವಂತೆ. ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವೇ ಎಂದು ಯಾರೋ ಕೇಳಿದರು. ಇಲ್ಲ, ಆ ರಾತ್ರಿಯೂ ಬಿಡಲಿಲ್ಲ ಎಂದರು. ಅಷ್ಟು ಚಿಕ್ಕದಾಗಿದ್ದರಿಂದಲೇ ಯುದ್ಧದ ನಡುವೆಯೂ ಅದು ಉಳಿಯಿತು ಎಂದು ನನಗೆ ಅನ್ನಿಸುತ್ತದೆ. ನಿಮಗೊಂದು ರಾತ್ರಿ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಿ ತೀರಿಸಲು ಹೋಗಬೇಡಿ. ಅವತ್ತಿನದನ್ನು ಅವತ್ತು ಮಾಡಿ. ರಾತ್ರಿ ಪಾಳಿಯವರು ಬೆಳಗ್ಗೆ ಮಲಗುವಾಗ ಹೇಳಿ. ಮಲಗುವ ಹೊತ್ತು ಯಾವುದೋ ಅದೇ ನಿಮ್ಮ ರಾತ್ರಿ.

ಹಾಗಾದರೆ ಶುರು ಇವತ್ತೇ ಮಾಡಬಹುದು. ಹಾಸಿಗೆಯ ಮೇಲೆ, ಬೆರಳೆಣಿಸಿ, 33, 33, 34. ಆಮೇಲೆ ನಿಮ್ಮ ಮಾತಿನಲ್ಲಿ ಒಂದೇ ಒಂದು ಬೇಡಿಕೆ. ಅದು ಮೈಗೆ ಹತ್ತುವವರೆಗೆ ಬೇರೆ ಯಾವುದನ್ನೂ ಸೇರಿಸಬೇಡಿ. ಅರಬ್ಬಿ ಉಚ್ಚಾರ ಸರಿಯೋ ತಪ್ಪೋ ಎಂಬ ಅನುಮಾನವಿದ್ದರೆ ನಿಮ್ಮೂರಿನ ಹಜರತರನ್ನು ಕೇಳಿ. ಅವರನ್ನು ಕೇಳಲು ಸಂಕೋಚವಾದರೆ ಮದರಸಾಕ್ಕೆ ಹೋಗುವ ಮೊಮ್ಮಗಳು ಮನೆಯಲ್ಲೇ ಇರುತ್ತಾಳೆ. ಅಜ್ಜನ ತಪ್ಪು ತಿದ್ದುವುದೆಂದರೆ ಅವಳಿಗೂ ಬಲು ಖುಷಿ.